ಗೋಡೆಯ ಮೇಲಿನ ಟಗರು

ಹಣವಂತರ ಬೇಟೆಯ ಶೋಕಿಗೆಂದೇ ಟಗರು ಸಾಕುವ ಎಸ್ಟೇಟೊಂದಿತ್ತು. ಅಲ್ಲಿನ ಒಂದು ಟಗರಿಗೆ ತನ್ನ ಸುರುಳಿ ಕೊಂಬಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ಕಾವಲುಗಾರ ದಿನವೂ ಬಕೆಟ್ ಬಡಿದು ಕರೆದು, ಹುರುಳಿ ತಿನ್ನಿಸಿ, ಕೊಂಬು ಸವರುತ್ತ "ಇನ್ನೊಂದಿಷ್ಟು ಬೆಳೆಯಲಿ ಕಣಪ್ಪಾ" ಎನ್ನುತ್ತಿದ್ದ. ಟಗರು ಅದನ್ನು ಆಶೀರ್ವಾದವೆಂದೇ ತಿಳಿದಿತ್ತು.

ಒಂದು ಸಂಜೆ ಅದು ಅತಿಥಿಗಳ ಬಂಗಲೆಯ ಕಿಟಕಿಯಲ್ಲಿ ಇಣುಕಿತು. ಎದುರು ಗೋಡೆಯಿಂದ ಇನ್ನೊಂದು ಟಗರು ತಲೆ ಹೊರಗೆ ಹಾಕಿ ನೋಡುತ್ತಿತ್ತು.

"ಅಣ್ಣಾ, ಗೋಡೆಯಲ್ಲಿ ತಲೆ ತೂರಿಸಿಕೊಂಡು ಏನು ಮಾಡುತ್ತಿರುವೆ?"

"ಬಂದವರಿಗೆ ಕೊಂಬು ತೋರಿಸುತ್ತಿದ್ದೇನೆ."

"ಪುಣ್ಯವಂತ! ನಾನೂ ಬರಲೇ?"

"ಮೊದಲು ಗೋಡೆಯ ಹಿಂದೆ ಹೋಗಿ ನನ್ನ ಮೈ ನೋಡಿ ಬಾ," ಎಂದಿತು ತಲೆ.

ಟಗರು ಬಂಗಲೆ ಸುತ್ತಿ ಹಿತ್ತಿಲಿಗೆ ಹೋಯಿತು. ಅಲ್ಲಿ ಮೈಯೂ ಇರಲಿಲ್ಲ, ಕಾಲೂ ಇರಲಿಲ್ಲ. ಉಪ್ಪು ಸವರಿ ಒಣಗಹಾಕಿದ ಚರ್ಮಗಳಿದ್ದವು. ಎದ್ದೆನೋ ಬಿದ್ದೆನೋ ಎಂದು ಕಿಟಕಿಗೆ ಓಡಿಬಂತು.

"ಯಾರು ಕೊಂದರು? ಚಿರತೆಯೇ?"

"ಚಿರತೆಯಾಗಿದ್ದರೆ ಓಡುತ್ತಿದ್ದೆ. ಬಕೆಟ್ ಸದ್ದು ಕೇಳಿತು, ಹುರುಳಿಯೆಂದು ಹತ್ತಿರ ಹೋದೆ. ಕಾವಲುಗಾರನ ಹಿಂದೆ ಕೋವಿ ಹಿಡಿದ ಅತಿಥಿ ನಿಂತಿದ್ದ."

ಅಷ್ಟರಲ್ಲಿ ಬೇಲಿಯ ಬಳಿ ಬಕೆಟ್ ಬಡಿದ ಸದ್ದಾಯಿತು.

"ಹೋಗಬೇಡ!" ಎಂದಿತು ತಲೆ.

"ಪ್ರಾಣ ಹೋದರೂ ಹೋಗಲಾರೆ," ಎಂದು ಟಗರು ಆಣೆಯಿಟ್ಟಿತು. ಆಣೆ ಇನ್ನೂ ಬಾಯಲ್ಲಿರುವಾಗಲೇ ಅಲ್ಲಿ ನೀರೂರಿತು. ನಾಲ್ಕೂ ಕಾಲುಗಳು ಬಕೆಟ್ಟಿನ ಕಡೆಗೆ ನಡೆಯತೊಡಗಿದವು.