ಗುರುವಿನ ಮಣೆಯ ಕೆಳಗಿನ ತೊಲೆ

ಹೊಳೆದಂಡೆಯ ಆ ಆಶ್ರಮವನ್ನು ಇಡೀ ಇಡೀ ಮರದ ದಿಮ್ಮಿ ಪೇರಿಸಿ ಕಟ್ಟಿದ್ದರು. ನೆಲವೂ ಹಲಗೆಯದೇ. ಹಲಗೆ ಹೊತ್ತ ತೊಲೆಗಳ ಕೆಳಗೆ ಒಬ್ಬ ಮನುಷ್ಯ ತೆವಳುವಷ್ಟು ಜಾಗ.

ಅಲ್ಲಿ ಗುರು ಮರುಳಜ್ಜ. ಶಿಷ್ಯ ಕೆಂಚವೀರ. ಭಕ್ತಿಗೆ ನಿಂತನೆಂದರೆ ಅವನನ್ನು ಹಿಡಿಯುವವರಿಲ್ಲ! ದಿನಾ ಬೆಳಗ್ಗೆ ಅಜ್ಜನನ್ನು ಮಣೆ ಮೇಲೆ ಕೂರಿಸಿ, ಕೊಡ ತುಂಬ ನೀರು ಸುರಿದು ಪಾದಪೂಜೆ ಮಾಡಲೇಬೇಕು.

“ಹೊಳೇಲೇ ತೊಳಕೊಂಡು ಬರ್ತೀನಿ, ಬಿಡೋ ಮಾರಾಯ,” ಅನ್ನುತ್ತಿದ್ದ ಅಜ್ಜ.

“ಉಂಟೇ ಅಜ್ಜ! ನಾನಿರುವಾಗ?”

ಒಂದು ದಿನ ಮಣೆ ಇದ್ದಲ್ಲೇ ನೆಲ ಲಟಕ್ಕನೆ ಕುಸಿಯಿತು. ಅಜ್ಜ ಮಣೆ ಸಮೇತ ವಾಲಿದ.

ಕೆಂಚವೀರ ಕೆಳಗೆ ತೆವಳಿ ತೊಲೆಗೆ ಉಳಿ ಚುಚ್ಚಿದ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

“ಕೊಳೆತುಹೋಗಿದೆ ಅಜ್ಜಾ!”

“ರಿಪೇರಿ ಮಾಡು. ಅದು ಯಾಕೆ ಕೊಳೀತು ಅಂತಲೂ ಹೇಳು. ಹೇಳಿದ ದಿನ ನಿನಗೆ ದೀಕ್ಷೆ.”

ದೀಕ್ಷೆ! ವರ್ಷಗಟ್ಟಲೆ ಕಾದ ಮಾತು. ಕೆಂಚವೀರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತೊಲೆ ಕೆಳಗೆ ಬೆಣೆ ಕೊಟ್ಟು ಒಂದೇ ಏಟಿಗೆ ಎತ್ತಲು ಹೋದ. ಗೋಡೆಯೆಲ್ಲ ಕಿರ್ರೆಂದಿತು.

“ನಿಧಾನ! ವರ್ಷಗಟ್ಟಲೆ ಇಳಿದದ್ದು ಗಳಿಗೇಲಿ ಏರುತ್ತೇನೋ?”

ಆಮೇಲೆ ದಿನಕ್ಕಿಷ್ಟು ಅಂತ ಬೆಣೆ ಬಡಿದ. ಗಟ್ಟಿ ಮರ ಸಿಗುವ ತನಕ ಕೊಳೆತದ್ದನ್ನು ಕೆತ್ತಿ ತೆಗೆದ. ಪಕ್ಕಕ್ಕೆ ಹೊಸ ಹೊನ್ನೆ ತೊಲೆ ಜೋಡಿಸಿ ಗೂಟ ಹೊಡೆದ. ಹಲಗೆ ಮುಚ್ಚಿ ಮೇಲೆ ಧಿಮಿಧಿಮಿ ಕುಣಿದ. ನೆಲ ಕಮಕ್ ಕಿಮಕ್ ಅನ್ನಲಿಲ್ಲ. ಆಹಾ, ಅವನ ಮುಖ ನೋಡಬೇಕಿತ್ತು!

“ಯಾಕೆ ಕೊಳೆತಿತ್ತು?” ಅಜ್ಜ ಕೇಳಿದ.

“ಮರ ಹಳೇದು.”

“ಆಚೆ ಬದಿಯ ಹಳೇ ತೊಲೆಗೂ ಅಷ್ಟೇ ವಯಸ್ಸು. ಕಲ್ಲಿನ ಹಾಗಿದೆ.”

“ಗೆದ್ದಲು ಇರಬೇಕು.”

“ಒಂದಾದರೂ ಕಂಡೆಯಾ?”

ಕೆಂಚವೀರ ತಲೆ ಕೆರೆದುಕೊಂಡ. “ಯೋಚನೆ ಆಮೇಲೆ ಅಜ್ಜ! ಮೊದಲು ಹೊಸ ನೆಲದ ಮೇಲೆ ಪಾದಪೂಜೆ ಆಗಲಿ!”

ಓಡಿಹೋಗಿ ಕೊಡ ತುಂಬಿ ತಂದೇಬಿಟ್ಟ.

ಅಜ್ಜ ಕೊಡ ಕಿತ್ತುಕೊಂಡ. “ಹೋಗು, ನಿನ್ನ ತೊಲೆ ಕೆಳಗೆ ಮಲಗು.”

ಕೆಂಚವೀರ ಹೋಗಿ ಮಲಗಿದ. ಅಜ್ಜ ಮಣೆ ಮೇಲೆ ಕೂತು ತನ್ನ ಪಾದಕ್ಕೆ ತಾನೇ ನೀರು ಸುರಿದುಕೊಂಡ. ಹಲಗೆಯ ಸಂದಿಯಿಂದ ಇಳಿದ ನೀರು ಹೊಸ ತೊಲೆಯನ್ನು ತೋಯಿಸಿ, ಕೆಂಚವೀರನ ನೆತ್ತಿ ಮೇಲೆ ತಟತಟ ಬಿತ್ತು.

ಕೆಳಗಿನಿಂದ ಕೂಗು ಕೇಳಿತು.

“ಅಯ್ಯೋ ಅಜ್ಜಾ! ನಾನೇ! ಕೊಳೆಸಿದ್ದು ನನ್ನ ಪೂಜೆಯೇ!”

ತೊಯ್ದು ತೊಪ್ಪೆಯಾಗಿ ಹೊರಬಂದ. ನಗುವೂ ಅಳುವೂ ಒಟ್ಟಿಗೆ ಬರುತ್ತಿದ್ದವು.

“ಗುರುವಿನ ಕಾಲ ಕೆಳಗಿನ ನೆಲ ಕೊಳೆಸಿದವನಿಗೆ ಇನ್ನೆಲ್ಲಿಯ ದೀಕ್ಷೆ ಅಜ್ಜ?” ಅನ್ನುತ್ತ ಹೆಗಲ ವಸ್ತ್ರ ತೆಗೆದು ತಲೆ ಒರೆಸಿಕೊಳ್ಳಲು ಹೋದ.

ಅಜ್ಜ ಅವನ ಕೈ ಹಿಡಿದ.

“ದೀಕ್ಷೆಯ ನೀರು ನೆತ್ತಿ ಮೇಲೆ ಬಿತ್ತಲ್ಲೋ! ಅದು ಹಾಗೇ ಇರಲಿ. ಆ ಬಟ್ಟೇಲಿ ಹೋಗಿ ತೊಲೆ ಒರೆಸು.”