ಕತ್ತಿಯ ಜೊತೆ ಮದುವೆ

ಚಿತ್ರದ ಪುಸ್ತಕಗಳಲ್ಲಿ ರಾಜಕುಮಾರ ಕುದುರೆ ಏರಿ ಬರುತ್ತಾನೆ. ಸಿಡಿಗಲ್ಲು ಕೋಟೆಗೆ ಬಂದದ್ದು ಅವನ ಕತ್ತಿ ಮಾತ್ರ, ಅದೂ ಪಲ್ಲಕ್ಕಿಯಲ್ಲಿ.

ಆ ಕಾಲದ ಅರಸು ಮನೆಗಳಲ್ಲಿ ಹಾಗೊಂದು ಪದ್ಧತಿ ಇತ್ತು. ಗಂಡು ಯುದ್ಧಕ್ಕೆ ಹೋಗಿದ್ದರೆ ಅವನ ಕತ್ತಿಯನ್ನು ಹಸೆಮಣೆಯ ಮೇಲಿಟ್ಟು ಮದುವೆ ಮುಗಿಸುತ್ತಿದ್ದರು. ಹೊಳೆಯಾಚೆಯ ದೊಡ್ಡ ರಾಜ್ಯದ ಯುವರಾಜ ಗಡಿಯಲ್ಲಿ ಕಾದಾಡುತ್ತಿದ್ದಾನೆ ಅಂತ ಹೇಳಿ, ಅಲ್ಲಿನ ದಳವಾಯಿ ಕತ್ತಿ ತಂದಿದ್ದ. ಹೆಣ್ಣು ಸಿಡಿಗಲ್ಲಿನ ದೊರೆ ಬೊಮ್ಮರಸನ ಒಬ್ಬಳೇ ಮಗಳು, ಹೊನ್ನಾಜಿ.

ರಾಜಕುಮಾರಿ ಅಂದರೆ ಕಿಟಕಿಯಲ್ಲಿ ಕೂತು ದಾರಿ ಕಾಯುವವಳು ಅಂತ ಯಾರು ಹೇಳಿದರೋ. ಈ ಹೊನ್ನಾಜಿ ಗರಡಿ ಮಣ್ಣಿನಲ್ಲಿ ಹೊರಳಿ ಬೆಳೆದವಳು. ಮೀಸೆ ತಿರುವಿಕೊಂಡು ಎದುರು ನಿಂತ ಎಷ್ಟೋ ಗಂಡುಗಳ ಬೆನ್ನಿಗೆ ಮಣ್ಣು ಮೆತ್ತಿಸಿದವಳು. ಅವಳಿಗೆ ಕತ್ತಿ ಹಿಡಿಯಲು ಕಲಿಸಿದವನು ಅಪ್ಪನೇ.

ಬಾಸಿಂಗ ಕಟ್ಟುತ್ತಾ ಸೋದರತ್ತೆ ಕೆಣಕಿದಳು. "ಎದುರು ಮಾತಾಡಲ್ಲ, ಮುನಿಸಿಕೊಳ್ಳಲ್ಲ. ಇಂಥ ಗಂಡ ಎಲ್ಲರಿಗೂ ಸಿಗಲ್ಲ ಕಣೇ."

"ಊಟಕ್ಕೂ ಕಾಯಬೇಕಾಗಿಲ್ಲ ಅತ್ತೆ," ಅಂದಳು ಹೊನ್ನಾಜಿ.

ಮಂಟಪದಲ್ಲಿ ಅಂತರಪಟ ಹಿಡಿದರು. ಮಂತ್ರ ಮುಗಿಯಿತು. ಪರದೆ ಸರಿಯಿತು. ಜೀರಿಗೆ ಬೆಲ್ಲ ಹಾಕು ಅಂತ ಪುರೋಹಿತರು ಸನ್ನೆ ಮಾಡಿದರು. ಹೊನ್ನಾಜಿ ಮುಷ್ಟಿ ಬಿಚ್ಚಲಿಲ್ಲ.

"ಗಂಡಿನ ಮುಖ ತೋರಿಸಿ," ಅಂದಳು.

ದಳವಾಯಿ ಮುಂದೆ ಬಂದ. "ತಾಯಿ, ಮದುವಣಗಿತ್ತಿ ಒರೆಯಿಂದ ಕತ್ತಿ ಎಳೆಯುವ ಪದ್ಧತಿ ನಮ್ಮ ಸೀಮೆಯಲ್ಲಿ ಇಲ್ಲ."

"ಮುಖ ನೋಡದೆ ಜೀರಿಗೆ ಬೆಲ್ಲ ಹಾಕುವ ಪದ್ಧತಿ ನಮ್ಮ ಸೀಮೆಯಲ್ಲಿ ಇಲ್ಲ."

"ಸುಮ್ಮನೆ ಹಾಕು ಮಗಳೇ," ಅಂದ ಬೊಮ್ಮರಸ. ಅವನ ದನಿ ಎಂದಿನಂತಿರಲಿಲ್ಲ. ಅದು ಅವಳ ಕಿವಿಗೆ ಕಟುವಾಗಿ ಬಡಿಯಿತು. ಅವಳು ಬಗ್ಗಿ ಹಿಡಿಗೆ ಕೈ ಹಾಕಿ ಎಳೆದಳು. ಕತ್ತಿ ಬರಲಿಲ್ಲ. ಒರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಜಗ್ಗಿದಾಗ ಕರಕರ ಅಂತ ಈಚೆ ಬಂತು. ಅಲಗಿನ ತುಂಬ ಕಪ್ಪಗೆ ಹೆಪ್ಪುಗಟ್ಟಿದ ರಕ್ತ.

ಬದುಕಿರುವ ಯಾವ ಸೈನಿಕನೂ ರಕ್ತ ಒರೆಸದೆ ಕತ್ತಿಯನ್ನು ಒರೆಗೆ ಹಾಕುವುದಿಲ್ಲ. ಇದನ್ನು ಬಿದ್ದವನ ಕೈಯಿಂದ ಬಿಡಿಸಿಕೊಂಡು ಬೇರೆ ಯಾರೋ ಆತುರದಲ್ಲಿ ತುರುಕಿದ್ದರು.

"ದಳವಾಯಿಗಳೇ, ನಿಮ್ಮ ಯುವರಾಜರು ಯಾವತ್ತು ತೀರಿಕೊಂಡರು?"

ಅವನು ತಿರುಗಿ ಅವಳ ಅಪ್ಪನ ಮುಖ ನೋಡಿದ. ಆ ಒಂದು ನೋಟದಲ್ಲಿ ಹೊನ್ನಾಜಿಗೆ ಎಲ್ಲ ತಿಳಿಯಿತು.

"ನಿಮಗೆ ಗೊತ್ತಿತ್ತಾ ಅಪ್ಪಾಜಿ?"

ಬೊಮ್ಮರಸ ನೆಲ ನೋಡುತ್ತಾ ಹೇಳಿದ. "ಮದುವೆಯಾಗದೆ ಸತ್ತ ಮಗನಿಗೆ ಸದ್ಗತಿ ಇಲ್ಲವಂತೆ. ಹೆಣದ ಬದಲು ಅವನ ಪೇಟ ಹಿಡಿದು ಚಿತೆ ಏರಲು ಒಬ್ಬ ಹೆಂಡತಿ ಬೇಕು ಅಂತ ಅವರ ಮಹಾರಾಣಿಯ ಹಟ. ಕೊಡದಿದ್ದರೆ ಕೋಟೆ ಸುಡುತ್ತೇವೆ ಅಂದರು. ಒಬ್ಬಳು ಹೋದರೆ ಊರು ಉಳಿಯುತ್ತೆ ಅಂದುಕೊಂಡೆ ಅವ್ವಾ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ."

"ಹೌದು, ಒಪ್ಪುತ್ತಿರಲಿಲ್ಲ."

ಅವಳು ಬಾಸಿಂಗ ಬಿಚ್ಚಿ ಹಸೆಯ ಮೇಲಿಟ್ಟಳು. ಧಾರೆ ಸೀರೆಯ ಸೆರಗು ನೆನೆಸಿ ಅಲಗನ್ನು ತಿಕ್ಕಿ ತಿಕ್ಕಿ ಒರೆಸಿದಳು. ಆಮೇಲೆ ಕತ್ತಿಯನ್ನು ದಳವಾಯಿಯ ಕೈಗೆ ಕೊಟ್ಟಳು.

"ಮಹಾರಾಣಿಯವರಿಗೆ ಹೇಳಿ. ಅವರ ಮಗನ ಕತ್ತಿಯನ್ನ ಒರೆಸುವವರೂ ಇರಲಿಲ್ಲ. ನಾನು ಒರೆಸಿದೆ. ಅವರಿಗೂ ನನಗೂ ಇರುವ ಋಣ ಇಷ್ಟೇ."

ಯುದ್ಧ ಬಂತು, ಹೇಳಿದ ಹಾಗೇ ಬಂತು. ಹೊನ್ನಾಜಿ ಮೂಡಣ ಬುರುಜಿನಲ್ಲಿ ನಿಂತು ಕಾದಾಡಿದಳು. ಬೊಮ್ಮರಸ ಹೆಬ್ಬಾಗಿಲಲ್ಲಿ ಬಿದ್ದ, ಮಗಳ ಮುಖವನ್ನು ನೇರವಾಗಿ ನೋಡದೆಯೇ ಹೋದ. ಕೆಳಪೇಟೆ ಬೂದಿಯಾಯಿತು. ಕೋಟೆ ಮಾತ್ರ ನಿಂತಿತು. ಶತ್ರುಗಳು ದಣಿದು ಹೊಳೆ ದಾಟಿ ಹಿಂದಿರುಗಿದರು.

ಹೆಣ ಸುಡುವ ಕಡೆ ಒಬ್ಬ ಹೆಂಗಸು ಹೊನ್ನಾಜಿಗೆ ಅಡ್ಡ ನಿಂತಳು. ಸೊಂಟದಲ್ಲಿ ಪುಟ್ಟ ಮಗಳಿದ್ದಳು.

"ನೀನು ಹೋಗಿದ್ರೆ ನನ್ನ ಮಗ ಇರ್ತಿದ್ದ."

"ಇರ್ತಿದ್ದ ಅಕ್ಕಾ," ಅಂದಳು ಹೊನ್ನಾಜಿ. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. "ಬೆದರಿಸಿದ್ರೆ ಇವರು ಹೆಣ್ಣು ಕೊಡ್ತಾರೆ ಅಂತ ಅವರಿಗೆ ಗೊತ್ತಾಗ್ತಿತ್ತು. ಮುಂದಿನ ಸಲ ಇವಳನ್ನ ಕೇಳ್ತಿದ್ರು."

ಹೆಂಗಸು ಕ್ಷಮಿಸಲಿಲ್ಲ. ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿ, ಗಟ್ಟಿಯಾಗಿ ಅವುಚಿಕೊಂಡು, ದಾರಿ ಬಿಟ್ಟಳು.

ನೀತಿ: ನಿನ್ನ ಬಾಳಿನ ವಿಷಯದಲ್ಲಿ "ಸುಮ್ಮನಿರು, ಕೇಳಬೇಡ" ಅನ್ನುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅವರು ಹೆತ್ತವರೇ ಆಗಿರಲಿ, ಕೇಳಿಯೇ ತೀರು. ಕೇಳಿದ್ದಕ್ಕೆ ಬೆಲೆ ತೆರಬೇಕಾಗುತ್ತದೆ, ನಿನ್ನ ಜೊತೆ ಬೇರೆಯವರೂ ತೆರಬೇಕಾಗಬಹುದು. ಆದರೂ ಒಂದು ಹೆಣ್ಣನ್ನು ಮೋಸದಿಂದ ಬೆಂಕಿಗೆ ಕೊಟ್ಟು ಉಳಿಸಿಕೊಂಡ ಊರು ಇನ್ನೊಂದು ಹೆಣ್ಣನ್ನು ಕೊಡುವತನಕ ಮಾತ್ರ ಉಳಿಯುತ್ತದೆ.