ಕೇತೆಗೆ ಮರಳಿ ಬಂದ ಗುಡ್ಡ

"ಗುರುಗಳೇ, ಕಿತ್ತುಕೊಂಡದ್ದನ್ನು ಹಿಂದಿರುಗಿಸಿದ ಮೇಲೆ ತಪ್ಪು ತೀರಿದಂತೆಯೇ ಅಲ್ಲವೇ?" ಎಂದು ಶಿಷ್ಯನು ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಗುಡ್ಡದ ಮೇಲೆ ಒಂದು ಕುಲದ ಜನರಿದ್ದರು. ಗೆಡ್ಡೆ ಅಗೆದು, ಜೇನು ಇಳಿಸಿ, ಇಳಿಜಾರಿನಲ್ಲಿ ಒಂದಿಷ್ಟು ರಾಗಿ ಚೆಲ್ಲಿ ಬದುಕುತ್ತಿದ್ದರು. ಅವರಿಗೆ ಅವರದೇ ಒಂದು ಮಾತಿತ್ತು. ಕಡಲಾಚೆಯಿಂದ ಬಂದು ನಾಡನ್ನು ಆಳುತ್ತಿದ್ದವರಿಗೆ ಆ ಗುಡ್ಡದ ಮೇಲೆ ತೇಗ ಬೆಳೆಸುವ ಮನಸ್ಸಾಯಿತು. ಅವರ ಅಧಿಕಾರಿಯೊಬ್ಬ ಬಂದು ಸುತ್ತಲೂ ಕಲ್ಲು ನೆಡಿಸಿದ. ಕಲ್ಲಿನೊಳಗಿನದೆಲ್ಲ ಸರ್ಕಾರದ್ದು ಎಂದ. ಜನರನ್ನು ಕೆಳಗಿಳಿಸಿ, ಬಯಲಿನಲ್ಲಿ ಸಾಲಾಗಿ ಗುಡಿಸಲು ಹಾಕಿಸಿದ. ತೇಗದ ಸಸಿ ನೆಡಲು ಮಾತ್ರ ಅವರನ್ನೇ ಗುಡ್ಡ ಹತ್ತಿಸಿದ. ಹೊತ್ತು ಮುಳುಗುವ ಮುಂಚೆ ಕೆಳಗಿಳಿಸಿದ.

ಅವರಲ್ಲಿ ಕೇತೆ ಎಂಬ ಹೆಂಗಸಿದ್ದಳು. ಅವಳಿಗೆ ಬೊಮ್ಮಿ ಒಬ್ಬಳೇ ಮಗಳು. ಸರ್ಕಾರ ಬಯಲಿನಲ್ಲಿ ಶಾಲೆ ತೆರೆದಾಗ ಬೊಮ್ಮಿಯನ್ನೂ ಸೇರಿಸಿದರು. ಗುಡ್ಡದ ಮಾತಾಡಿದ ಮಕ್ಕಳಿಗೆ ಅಲ್ಲಿ ಏಟು ಬೀಳುತ್ತಿತ್ತು. ಒಂದು ಸಂಜೆ ಬೊಮ್ಮಿ ಬೆರಳು ಮಡಿಸಲಾರದಷ್ಟು ಊದಿದ ಕೈ ಹಿಡಿದುಕೊಂಡು ಬಂದಳು.

ಕೇತೆ ಆ ಕೈಗೆ ಸೊಪ್ಪಿನ ರಸ ಹಿಂಡಿದಳು. ಅಂದಿನಿಂದ ಮಗಳೊಡನೆ ಬಯಲಿನವರ ಮಾತನ್ನೇ ಆಡಿದಳು. ಅವಳಿಗೆ ಅದು ಸರಿಯಾಗಿ ಬರುತ್ತಿರಲಿಲ್ಲ. ಬಾರದ ಮಾತಿನಲ್ಲಿ ಮುದ್ದು ಮಾಡುವುದು ಹೇಗೆಂದು ತಿಳಿಯದೆ, ಮುದ್ದು ಮಾಡುವುದನ್ನೇ ಬಿಟ್ಟಳು. ಉಳಿದ ಗುಡಿಸಲುಗಳ ತಾಯಂದಿರೂ ಹಾಗೆಯೇ ಮಾಡಿದರು.

ನಲವತ್ತು ವರ್ಷ ಕಳೆಯಿತು. ಬೊಮ್ಮಿಯೂ ಅವಳ ಓರಗೆಯವರೂ ಎಳವೆಯಲ್ಲಿ ಆಡಿದ ಗುಡ್ಡದ ಮಾತನ್ನು ಮರೆತರು. ಕೇತೆಯ ಓರಗೆಯವರೆಲ್ಲ ತೀರಿಕೊಂಡರು. ಆಳುತ್ತಿದ್ದವರೂ ಕಡಲಾಚೆಗೆ ಹೊರಟುಹೋದರು. ಹೊಸ ಸರ್ಕಾರದ ಅಧಿಕಾರಿ ಒಂದು ಕಾಗದ ತಂದು ಕೇತೆಯ ಕೈಗಿತ್ತು, "ಅಜ್ಜಿ, ಗುಡ್ಡ ಇನ್ನು ನಿಮ್ಮದೇ" ಎಂದ. ಒಳ್ಳೆಯವನು, ಹೇಳುವಾಗ ಅವನ ಕಣ್ಣು ತುಂಬಿತ್ತು.

ಮರುದಿನ ಬೆಳಿಗ್ಗೆ ಕೇತೆ ಮಗಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಗುಡ್ಡ ಹತ್ತಿದಳು. ಮೇಲೆ ಎಲ್ಲೆಲ್ಲೂ ತೇಗ, ನೆಟ್ಟ ಸಾಲಿನಲ್ಲೇ ನಿಂತಿತ್ತು. ಗೆಡ್ಡೆಯ ಬಳ್ಳಿ ಒಂದೂ ಇರಲಿಲ್ಲ. ಸತ್ತವರಿಗಾಗಿ ಕಲ್ಲು ಇಟ್ಟಿದ್ದ ಜಾಗವನ್ನು ಅರ್ಧ ದಿನ ಹುಡುಕಿ ಕಂಡುಹಿಡಿದಳು. ಅಲ್ಲಿ ಹಿರಿಯರು ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಜೊತೆಗಿದ್ದವರು ಸತ್ತವರ ಪರವಾಗಿ ಓಗೊಡಬೇಕು. ಕೇತೆ ಗುಡ್ಡದ ಮಾತಿನಲ್ಲಿ ತನ್ನ ಅವ್ವನನ್ನು ಕರೆದಳು. ಯಾರೂ ಓಗೊಡಲಿಲ್ಲ. ಮತ್ತೊಮ್ಮೆ ಕರೆದು, ಮಗಳ ಕಡೆ ತಿರುಗಿದಳು.

"ಹೇಳೇ, ಬೊಮ್ಮಿ."

"ಏನು ಹೇಳಬೇಕವ್ವ? ನೀನು ನನ್ನೊಡನೆ ಆಡಿದ ಮಾತಷ್ಟೇ ಅಲ್ಲವೇ ನನಗೆ ಬರುವುದು?"

ಕೇತೆ ಓಗೊಡುವ ಮಾತನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟಳು. ಬೊಮ್ಮಿ ಅದನ್ನು ಪಾಠ ಒಪ್ಪಿಸುವವರಂತೆ ಒಪ್ಪಿಸಿದಳು. ಮೊಮ್ಮಕ್ಕಳು ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡರು. ಕೇತೆ ಅಲ್ಲಿಂದ ಎದ್ದು ಬಂದಳು. ಮತ್ತೆಂದೂ ಗುಡ್ಡ ಹತ್ತಲಿಲ್ಲ.

ಸಾಯುವ ಮುನ್ನ ಮೂರು ದಿನ ಅವಳಿಗೆ ಗುಡ್ಡದ ಮಾತು ಬಿಟ್ಟು ಬೇರೆ ಮಾತು ಬರಲಿಲ್ಲ. ಏನೋ ಒಂದನ್ನೇ ಮತ್ತೆ ಮತ್ತೆ ಕೇಳಿದಳು. ಬೊಮ್ಮಿ ನೀರು ಕೊಟ್ಟಳು, ಅದಲ್ಲ. ಕಂಬಳಿ ಹೊದಿಸಿದಳು, ಅದಲ್ಲ. ಗುಡ್ಡ ಕಾಣುವ ಹಾಗೆ ಬಾಗಿಲಿಗೆ ತಂದು ಕೂರಿಸಿದಳು, ಅದೂ ಅಲ್ಲ. "ಅವ್ವಾ, ನನಗೆ ತಿಳಿಯುವ ಹಾಗೆ ಹೇಳವ್ವಾ" ಎಂದು ಮಗಳು ಅತ್ತಳು. ಕೇತೆ ಕೇಳಿದ್ದೇನೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನು ತಡೆದು ತಡೆದು, "ಆದರೂ ಗುಡ್ಡವನ್ನು ಹಿಂದಿರುಗಿಸಿದರಲ್ಲ, ಗುರುಗಳೇ" ಎಂದ.

"ಹೌದಪ್ಪ, ಕೇತೆ ಕರೆದರೆ ಓಗೊಡುವವರು ಯಾರೂ ಉಳಿಯದ ಮೇಲೆ ಹಿಂದಿರುಗಿಸಿದರು."